ಚಿಮಣಿ ಲೈನರ್‌ಗೆ ಇನ್ಸುಲೇಶನ್ ಬೇಕೇ?

ಪ್ರಶ್ನೆ: ನಾವಿರುವುದು ಅಮೆರಿಕದ ವರ್ಮಾಂಟ್‌ನಲ್ಲಿ, 1950ರ ದಶಕದ ಮನೆಯಲ್ಲಿ. ಇಟ್ಟಿಗೆ ಚಿಮಣಿ ಹೊರಗೋಡೆಗೆ ಅಂಟಿಕೊಂಡಿದೆ. ಹಳೆಯ ಅಗ್ಗಿಷ್ಟಿಕೆಯೊಳಗೆ ಸೌದೆ ಸ್ಟವ್ ಕೂರಿಸಿ, ಮೇಲಿನವರೆಗೂ 6 ಇಂಚಿನ ಸ್ಟೀಲ್ ಲೈನರ್, ಅಂದರೆ ಚಿಮಣಿಯೊಳಗೆ ಹೊಗೆ ಸಾಗಿಸುವ ಕೊಳವೆ, ಇಳಿಸಬೇಕೆಂದಿದ್ದೇವೆ. ಲೈನರ್‌ಗೆ ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ) ಸುತ್ತುವುದು ದುಡ್ಡು ದಂಡ ಎನ್ನುತ್ತಾರೆ ಕೆಲಸದವರೊಬ್ಬರು. ಹೌದೇ ಸರ್?
— ಒಬ್ಬ ಗೃಹಿಣಿ

ಉತ್ತರ: ಸುತ್ತಿಸಿಯಮ್ಮ, ಅದರಲ್ಲಿ ಉಳಿತಾಯ ನೋಡಬೇಡಿ.

ನಿಮ್ಮ ಚಿಮಣಿಯ ಮೂರು ಮಗ್ಗುಲೂ ಹಿಮಗಾಳಿಗೆ ಒಡ್ಡಿಕೊಂಡಿವೆ. ಹೊಗೆ ಮೇಲೇರುತ್ತಾ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಅದರಲ್ಲಿರುವ ಆವಿ, ಟಾರು ಎಲ್ಲ ಕೊಳವೆಯ ಒಳಮೈಗೆ ಮೆತ್ತಿಕೊಳ್ಳುತ್ತವೆ. ನಮ್ಮ ಮಲೆನಾಡಿನ ಬಚ್ಚಲೊಲೆಯ ಮೇಲೆ ಇಲ್ಲಣ ಕಟ್ಟುವುದಿಲ್ಲವೇ, ಹಾಗೆ. ಕ್ರಿಯೋಸೋಟ್ ಎನ್ನುವ ಈ ಅಂಟುಮಸಿಗೆ ಒಮ್ಮೆ ಬೆಂಕಿ ಹತ್ತಿತೆಂದರೆ ಕೊಳವೆಯೊಳಗೆ ಸಾವಿರ ಡಿಗ್ರಿ ದಾಟುತ್ತದೆ. ಕೊಳವೆ ಬೆಚ್ಚಗಿದ್ದರೆ ಮಸಿಯೂ ಕಡಿಮೆ, ಹೊಗೆಯೂ ಸಲೀಸಾಗಿ ಎಳೆದುಕೊಂಡು ಹೋಗುತ್ತದೆ.

ಆದರೆ ನನಗೆ ಹೆಚ್ಚು ಆತಂಕ ಚಿಮಣಿಗೆ ತಾಗಿರುವ ಮರದ್ದು. ಅಲ್ಲಿನ ಎನ್‌ಎಫ್‌ಪಿಎ 211 ಎಂಬ ಚಿಮಣಿ ಸುರಕ್ಷತಾ ನಿಯಮದಂತೆ, ಹೊರಗೋಡೆಯ ಚಿಮಣಿಗೂ ಮನೆಯ ಮರಮುಟ್ಟಿಗೂ ನಡುವೆ 1 ಇಂಚು ಬಿಡುವಿರಬೇಕು. ಮನೆಯೊಳಗಿನ ಚಿಮಣಿಗಾದರೆ 2 ಇಂಚು. ಹಳೆಯ ಮನೆಗಳಲ್ಲಿ ತೊಲೆಗಳು ಇಟ್ಟಿಗೆಗೆ ತಗುಲಿಕೊಂಡೇ ಇರುವುದು ಮಾಮೂಲು, ಗೋಡೆ ಬಿಚ್ಚದೆ ಅದು ಕಾಣುವುದೂ ಇಲ್ಲ. ಇಟ್ಟಿಗೆ ಶಾಖವನ್ನು ತಡೆಯುವುದಿಲ್ಲ, ನಿಧಾನವಾಗಿ ದಾಟಿಸುತ್ತದೆ. ವರ್ಷಗಟ್ಟಲೆ ಕಾವು ತಿಂದ ಮರ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಬಿಡುವು ಇಲ್ಲದ ಕಡೆ, ಲೈನರ್‌ಗಳನ್ನು ಪರೀಕ್ಷಿಸುವ ಯುಎಲ್ 1777 ಮಾನದಂಡದ ಪ್ರಕಾರ ಲೈನರ್‌ಗೆ ಇನ್ಸುಲೇಶನ್ ಇರಲೇಬೇಕು. ಮನೆಯ ನಟ್ಟನಡುವಿನ ಚಿಮಣಿಯಾಗಿದ್ದು, ಬಿಡುವು ಕಣ್ಣಾರೆ ಕಂಡಿದ್ದರೆ ಬೇಡ ಎನ್ನಬಹುದಿತ್ತು. ನಿಮ್ಮದು ಹಾಗಲ್ಲ.

ದುಡ್ಡು ಕೊಡುವ ಮೊದಲು ಲೆವೆಲ್ 2 ತಪಾಸಣೆ ಮಾಡಿಸಿ. ಕ್ಯಾಮೆರಾ ಇಳಿಸುತ್ತಾರೆ, ಅಟ್ಟದಲ್ಲೂ ನೋಡುತ್ತಾರೆ. ಚಿಮಣಿಯ ಒಳಮೈಗೆ ಮಣ್ಣಿನ ಟೈಲು ಇದ್ದರೆ ಅದರ ಅಳತೆ ಆಗಲೇ ತೆಗೆಸಿ. 8 ಇಂಚಿನದೆಂದು ಕರೆಯುವ ಚೌಕ ಟೈಲಿನ ಒಳಗಡೆ ಸಿಗುವುದು ಸುಮಾರು 7 ಇಂಚು. 6 ಇಂಚಿನ ಕೊಳವೆಗೆ ಅರ್ಧ ಇಂಚು ದಪ್ಪದ ಸೆರಾಮಿಕ್ ಹೊದಿಕೆ ಸುತ್ತಿದರೆ ಅದರಲ್ಲಿ ಇಳಿಯುವುದಿಲ್ಲ. ಬಹುಶಃ ನಿಮ್ಮ ಕೆಲಸದವರು ಬೇಡ ಎಂದದ್ದೂ ಇದಕ್ಕೇ. ಹಾಗಿದ್ದರೆ ಟೈಲು ಒಡೆಸಿ ತೆಗೆಸಿ. ಖರ್ಚು, ಧೂಳು ಎರಡೂ ಇದೆ, ಆದರೂ ಅದೇ ಸರಿ. ಸ್ಟವ್‌ನ ಕೈಪಿಡಿ ಒಪ್ಪದೆ ಕೊಳವೆಯ ಗಾತ್ರ ಮಾತ್ರ ಕುಗ್ಗಿಸಬೇಡಿ.

ಇನ್ನು ಕೆಳಗೆ ಡ್ಯಾಂಪರ್ (ಹೊಗೆದಾರಿ ಮುಚ್ಚುವ ತಗಡಿನ ಬಾಗಿಲು) ಇದ್ದ ಜಾಗಕ್ಕೆ ತಗಡು ಮುಚ್ಚಿಸಿ, ಅದರ ಮೇಲೆ ರಾಕ್‌ವೂಲ್ (ಕಲ್ಲಿನ ಎಳೆಗಳ ಉಣ್ಣೆ) ತುಂಬಿಸಿ. ಗ್ಲಾಸ್‌ವೂಲ್ (ಗಾಜಿನ ಎಳೆಗಳ ಉಣ್ಣೆ) ಬೇಡ, ಅದರ ಅಂಟು ಕಾವಿಗೆ ಸುಟ್ಟುಹೋಗುತ್ತದೆ.