ಮಾತ್ರೆ ನುಂಗಿದರೂ ಮರಳಿ ಬರುವ ಕುರು

ಪ್ರಶ್ನೆ: ಪಿಯುಸಿ ಓದುವ ನನ್ನ ಮಗ ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದಾನೆ. ಮೂರು ತಿಂಗಳಲ್ಲಿ ಮೂರನೆಯ ಸಲ ಅವನ ತೊಡೆಯ ಮೇಲೆ ಕುರು ಎದ್ದಿದೆ. ಔಷಧಿ ಅಂಗಡಿಯವರು ಕೊಟ್ಟ ಅಮಾಕ್ಸಿಸಿಲಿನ್ ಮಾತ್ರೆಯಿಂದ ಗುಣ ಕಾಣಲಿಲ್ಲ. ಅವನು ರಜೆಗೆ ಬಂದು ಹೋದ ಮೇಲೆ ಮಗಳಿಗೂ ಮೂಗಿನ ಪಕ್ಕದಲ್ಲಿ ಒಂದು ಎದ್ದಿದೆ. ಮಾವಿನ ಹಣ್ಣಿನ ಉಷ್ಣವೆಂದು ನಮ್ಮ ಅತ್ತೆಯವರು ಸುಣ್ಣ-ಬೆಲ್ಲ ಹಚ್ಚುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಮೊದಲು ಮಗಳ ವಿಷಯ. ಮೂಗು ಮತ್ತು ಮೇಲ್ದುಟಿಯ ಸುತ್ತಲಿನ ರಕ್ತನಾಳಗಳಿಗೆ ಮಿದುಳಿನ ಬುಡದ ರಕ್ತನಾಳಗಳೊಂದಿಗೆ ಸಂಪರ್ಕವಿರುವುದರಿಂದ ಅಲ್ಲಿ ಎದ್ದ ಕುರುವನ್ನು ಹಿಸುಕುವುದು ಅಪಾಯಕರ. ಸುಣ್ಣ ಚರ್ಮವನ್ನು ಸುಡುತ್ತದೆ. ಅದನ್ನು ತೊಳೆದು, ತಡಮಾಡದೆ ವೈದ್ಯರಿಗೆ ತೋರಿಸಿ. ಜ್ವರ, ತೀವ್ರ ತಲೆನೋವು ಅಥವಾ ಕಣ್ಣಿನ ಸುತ್ತ ಬಾವು ಕಂಡರೆ ಬೆಳಗಾಗುವವರೆಗೂ ಕಾಯಬೇಡಿ.

ಇಂಥ ಕುರುಗಳಿಗೆ ಸಾಮಾನ್ಯವಾಗಿ ಕಾರಣ ಸ್ಟಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಹತ್ತರಲ್ಲಿ ಸುಮಾರು ಮೂವರ ಮೂಗಿನಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಬೆವರಿನಲ್ಲಿ ಉಜ್ಜಿದ ತೊಡೆಯೋ ಬ್ಲೇಡು ತಗುಲಿದ ಗೀರೋ ಸಿಕ್ಕಿದರೆ ಒಳನುಗ್ಗುತ್ತದೆ. ಅಮಾಕ್ಸಿಸಿಲಿನ್ ಸೇರಿದಂತೆ ಪೆನಿಸಿಲಿನ್ ಗುಂಪಿನ ಔಷಧಗಳು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಪ್ರೋಟೀನಿಗೆ ಅಂಟಿಕೊಂಡು ಆ ಕೆಲಸವನ್ನು ನಿಲ್ಲಿಸುತ್ತವೆ. ಆದರೆ ಕೆಲವು ತಳಿಗಳು ಔಷಧ ಅಂಟದಂಥ ಬೇರೊಂದು ಪ್ರೋಟೀನನ್ನು ತಯಾರಿಸಿಕೊಂಡು ಗೋಡೆ ಕಟ್ಟುತ್ತಲೇ ಇರುತ್ತವೆ. ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಇಂಥ ತಳಿ 1961ರಲ್ಲಿ ಬ್ರಿಟನ್ನಿನಲ್ಲಿ ವರದಿಯಾಯಿತು. ಎಂಆರ್‌ಎಸ್‌ಎ (ಮೆಥಿಸಿಲಿನ್ ರೆಸಿಸ್ಟೆಂಟ್ ಸ್ಟಾಫಿಲೊಕಾಕಸ್ ಆರಿಯಸ್) ಎಂಬ ಹೆಸರು ಬಂದದ್ದು ಹೀಗೆ. ಕ್ಲಾಕ್ಸಾಸಿಲಿನ್, ಸೆಫಲೆಕ್ಸಿನ್ ಎಂಬ ಔಷಧಗಳೂ ಇದಕ್ಕೆ ನಾಟುವುದಿಲ್ಲ.

ನಿಮ್ಮ ಮಗನದು ಅದೇ ಎಂದು ಪತ್ರ ಓದಿ ಹೇಳಲಾಗದು, ಕುರುವನ್ನು ಕಣ್ಣಾರೆ ಕಂಡರೂ ಹೇಳಲಾಗದು. ಸಾಮಾನ್ಯ ಸ್ಟಾಫ್ ತಳಿಗಳಲ್ಲಿಯೂ ಬಹುಪಾಲು ಅಮಾಕ್ಸಿಸಿಲಿನ್ನನ್ನು ಒಡೆದುಹಾಕುವ ಕಿಣ್ವವನ್ನು ಹೊಂದಿವೆ. ಸಾಲದ್ದಕ್ಕೆ, ಕೀವು ಕಟ್ಟಿದ ಜಾಗಕ್ಕೆ ರಕ್ತದ ಮೂಲಕ ಔಷಧ ಸರಿಯಾಗಿ ತಲುಪುವುದೂ ಇಲ್ಲ. ಆದ್ದರಿಂದ ನಾಲ್ಕನೆಯ ಪಟ್ಟಿ ಮಾತ್ರೆ ಕೊಳ್ಳುವ ಬದಲು ಅವನನ್ನು ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಾದ ರಿಮ್ಸ್‌ನಂಥ, ಪ್ರಯೋಗಾಲಯವಿರುವ ಆಸ್ಪತ್ರೆಗೆ ಕಳುಹಿಸಿ. ವೈದ್ಯರು ಕುರುವನ್ನು ಕೊಯ್ದು ಕೀವು ತೆಗೆಯುತ್ತಾರೆ. ಸಣ್ಣ ಕುರು ಎಷ್ಟೋ ಸಲ ಅಷ್ಟಕ್ಕೇ ಮಾಯುತ್ತದೆ. ಅದೇ ಕೀವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸುವಂತೆ ಕೇಳಿಕೊಳ್ಳಿ. ಯಾವ ಔಷಧ ನಾಟುತ್ತದೆ, ಯಾವುದು ನಾಟದು ಎಂಬುದು ಎರಡು-ಮೂರು ದಿನಗಳಲ್ಲಿ ತಿಳಿಯುತ್ತದೆ. ಬರೆದುಕೊಟ್ಟ ಮಾತ್ರೆಯನ್ನು ನೋವು ಇಳಿಯಿತೆಂದು ನಡುವೆ ಬಿಡಬಾರದು.

ಇನ್ನು ಹಾಸ್ಟೆಲು. ಒಂದೇ ಮೊಳೆಗೆ ಒಂದರ ಮೇಲೊಂದು ನೇತುಬಿದ್ದ ನಾಲ್ಕು ಒದ್ದೆ ಟವೆಲ್ಲುಗಳು, ಕಿಟಕಿಯ ಕಟ್ಟೆಯ ಮೇಲೆ ಎಲ್ಲರಿಗೂ ಒಂದೇ ರೇಜರು: ಇಂಥ ಕೋಣೆಯಲ್ಲಿ ಸೋಂಕು ಸುತ್ತುತ್ತಲೇ ಇರುತ್ತದೆ. ಟವೆಲ್, ರೇಜರ್, ಸೋಪು ಅವನವೇ ಆಗಿರಲಿ. ಗಾಯದ ಮೇಲೆ ಒಣ ಬ್ಯಾಂಡೇಜು ಸದಾ ಇರಲಿ, ಅದನ್ನು ಬದಲಿಸುವ ಮೊದಲೂ ಆಮೇಲೂ ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈ ತೊಳೆಯಲಿ. ಹಾಸಿಗೆ ವಸ್ತ್ರ, ಒಳಉಡುಪುಗಳನ್ನು ಬಿಸಿನೀರಿನಲ್ಲಿ ಒಗೆದು ಪೂರ್ತಿ ಒಣಗಿಸಬೇಕು. ರಾಯಚೂರಿನಲ್ಲಿ ನೀರಿಗೆ ಬರ ಬಂದೀತು, ಬಿಸಿಲಿಗಂತೂ ಬರವಿಲ್ಲ. ಮನೆಯಲ್ಲಿಯೂ ಅಣ್ಣ-ತಂಗಿ ಒಂದೇ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವುದು ನಿಲ್ಲಲಿ.

ಮಾವಿನ ಹಣ್ಣಿನ ಮೇಲೆ ಅತ್ತೆಯವರು ಹೊರಿಸಿರುವ ಆರೋಪಕ್ಕೆ ಆಧಾರವಿಲ್ಲ. ಆದರೆ ಕುರು ಮರುಕಳಿಸುವವರಲ್ಲಿ ಒಮ್ಮೊಮ್ಮೆ ಮಧುಮೇಹ ಅಡಗಿರುವುದುಂಟು; ಆಸ್ಪತ್ರೆಗೆ ಹೋದಾಗ ಮಗನ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಬಿಡಿ. ಅದು ಸರಿಯಾಗಿದ್ದರೆ ಅವನು ಹಣ್ಣು ತಿನ್ನಲು ಅಡ್ಡಿಯಿಲ್ಲ.