ನಿಮ್ಮ ಲೇಖನದ ಬಗ್ಗೆ

ನಮಸ್ಕಾರ. ನೀವು ಕಳಿಸಿದ ‘ಇಮ್ಯುನಿಟಿ: ಜೀನ್ ಬರೆದ ಹಣೆಬರಹ’ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಪ್ರಕಟಿಸೋಕೆ ಆಗುವುದಿಲ್ಲ. ಕೈಬಿಡೋಕೂ ಮನಸ್ಸಿಲ್ಲ. ಕಾಯಿಲೆ ಬಗ್ಗೆ ಬರೆದು ಕಳಿಸುವವರು ಬೇಕಾದಷ್ಟಿದ್ದಾರೆ. ಆರೋಗ್ಯವಾಗಿರುವವರ ನಡುವೆಯೇ ಇಷ್ಟು ವ್ಯತ್ಯಾಸ ಯಾಕೆ ಅಂತ ಕೇಳಿದವರು ನೀವು.

ತೊಂದರೆ ಇರೋದು ಶೀರ್ಷಿಕೆಯಲ್ಲೇ. ರೋಗನಿರೋಧಕ ಶಕ್ತಿ ಅನ್ನೋದು ಒಂದೇ ವಸ್ತು, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ ಅನ್ನುವ ಹಾಗೆ ಬರೆದಿದ್ದೀರಿ. ಅದು ಹಲವು ಬಗೆಯ ಜೀವಕೋಶಗಳು ಸೇರಿ ಮಾಡುವ ಕೆಲಸ. ಜೀನ್‌ಗಳ ಹಿಡಿತ ಎಲ್ಲದರ ಮೇಲೂ ಒಂದೇ ಸಮ ಇಲ್ಲ. ನೀವೇ ಹೇಳಿದ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ಅಧ್ಯಯನ ನೋಡಿ. 20ರಿಂದ 69 ವಯಸ್ಸಿನ 1,000 ಆರೋಗ್ಯವಂತರ ರಕ್ತ ಪರೀಕ್ಷಿಸಿದ್ದರು. 2018ರಲ್ಲಿ ಬಂದ ಅದರ ಫಲಿತಾಂಶಕ್ಕೆ ಎರಡು ಭಾಗ ಇದೆ. ಸೋಂಕು ತಗುಲಿದ ತಕ್ಷಣ ನುಗ್ಗುವ ಕೋಶಗಳಲ್ಲಿ ಜೀನ್‌ಗಳ ಪ್ರಭಾವ ಹೆಚ್ಚು. ಹಳೇ ಸೋಂಕನ್ನು ನೆನಪಿಟ್ಟುಕೊಳ್ಳುವ ಟಿ ಕೋಶಗಳಂಥವುಗಳಲ್ಲಿ ವಯಸ್ಸು, ಸಿಗರೇಟು, ಸೈಟೊಮೆಗಲೊ ಅನ್ನೋ ವೈರಸ್ಸಿನ ಪ್ರಭಾವವೇ ಹೆಚ್ಚು. ಎರಡನೇ ಭಾಗವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಅದನ್ನು ಸೇರಿಸಿದರೆ ‘ಹಣೆಬರಹ’ ನಿಲ್ಲುವುದಿಲ್ಲ, ಅಲ್ವಾ?

ನಿಮ್ಮ ಹತ್ತಿರ ಇರುವ ಒಳ್ಳೆಯ ಕಥೆ ಆರನೇ ಪ್ಯಾರಾದಲ್ಲಿ ಹೂತುಹೋಗಿದೆ. ಡಫಿ ಜೀನ್. ಅದರ ಪಕ್ಕದ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಕೆಂಪು ರಕ್ತಕಣದ ಮೇಲೆ ಡಫಿ ಪ್ರೋಟೀನ್ ಇರುವುದಿಲ್ಲ. ಅದಿಲ್ಲದೆ ವೈವಾಕ್ಸ್ ಮಲೇರಿಯಾ ಪರಾವಲಂಬಿಗೆ ಕಣದೊಳಗೆ ನುಗ್ಗೋದು ಕಷ್ಟವಾಗುತ್ತದೆ. ಆಫ್ರಿಕಾ ಮೂಲದವರಲ್ಲಿ ಈ ಬದಲಾವಣೆ ತುಂಬಾ ಸಾಮಾನ್ಯ. ಇಂಥವರ ರಕ್ತದಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳ ಎಣಿಕೆಯೂ ಕಡಿಮೆ. ಲ್ಯಾಬ್ ರಿಪೋರ್ಟಿನಲ್ಲಿ ಮೈಕ್ರೋಲೀಟರಿಗೆ 1,500ಕ್ಕಿಂತ ಕೆಳಗೆ ಬಂದರೆ ‘ಕಡಿಮೆ’ ಅಂತ ಗುರುತು ಬೀಳುತ್ತದೆ. ಆದರೆ ಅಷ್ಟಕ್ಕೇ ಅವರಿಗೆ ಸೋಂಕು ಜಾಸ್ತಿ ಬರುವುದಿಲ್ಲ. ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್ ಮಾತ್ರೆ ಕೆಲವರಲ್ಲಿ ಈ ಎಣಿಕೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಹಾಗಾಗಿ ಇಂಥವರ ಎಣಿಕೆ ನೋಡಿ, ಮಾತ್ರೆಯನ್ನು ಸುಮ್ನೆ ನಿಲ್ಲಿಸಿದ್ದೂ ಉಂಟು. ಅಮೆರಿಕದಲ್ಲಿ 2015ರಲ್ಲಿ ಈ ಮಾತ್ರೆ ಕೊಡುವಾಗ ನೋಡುವ ಎಣಿಕೆಗೆ ಇಂಥವರಿಗಾಗಿ ಬೇರೆ ಮಿತಿಯನ್ನೇ ಗೊತ್ತುಮಾಡಿದರು. ಲೇಖನ ಇಲ್ಲಿಂದಲೇ ಶುರುವಾಗಲಿ. ರಿಪೋರ್ಟು ಕೈಯಲ್ಲಿ ಹಿಡಿದು ಗಾಬರಿಯಾದ ಒಬ್ಬ ಆರೋಗ್ಯವಂತನ ಜಾಗದಲ್ಲಿ ನಿಂತು ಬರೆಯಿರಿ. ‘ನಾರ್ಮಲ್’ ಅನ್ನೋ ಗೆರೆಯನ್ನು ಯಾರ ರಕ್ತ ನೋಡಿ ಎಳೆದರು ಅಂತ ಓದುಗರು ತಾವೇ ಕೇಳುತ್ತಾರೆ.

ಕೊನೆಯ ‘ಇಮ್ಯುನಿಟಿ ಹೆಚ್ಚಿಸುವ ಐದು ಆಹಾರ’ ಪೂರ್ತಿ ತೆಗೆಯಿರಿ. ಎಲ್ಲಾ ಹಣೆಬರಹ ಅಂತ ಅಷ್ಟುದ್ದ ಬರೆದು, ಕೊನೆಗೆ ಕಷಾಯ ಕುಡಿಯಿರಿ ಅಂದರೆ ಓದಿದವರು ಯಾವುದನ್ನು ನಂಬಬೇಕು? ‘ವಿಜ್ಞಾನಿಗಳು ಸಾಬೀತುಮಾಡಿದ್ದಾರೆ’ ಅಂತ ಬರೆದ ಕಡೆಯೆಲ್ಲಾ ಯಾರು, ಎಲ್ಲಿ, ಎಷ್ಟು ಜನರ ಮೇಲೆ ಅಂತ ಹಾಕಿ.

ಇಷ್ಟು ತಿದ್ದಿ ಕಳಿಸಿ. ಬಂದ ಕೂಡಲೇ ಓದುತ್ತೇನೆ.