ಲೆವುಕಾ: ಹಲಗೆ, ತಗಡಿನ ಪರಂಪರೆ

ಪ್ರಶ್ನೆ: ಫಿಜಿಯ ಲೆವುಕಾ ಬಂದರು ಪಟ್ಟಣದಲ್ಲಿ ಅರಮನೆಯಿಲ್ಲ, ದೊಡ್ಡ ಕೋಟೆಯಿಲ್ಲ. ಆದರೂ ಯುನೆಸ್ಕೊ ಅದನ್ನು 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೇಕೆ?

ಉತ್ತರ: 1874ರಲ್ಲಿ ಫಿಜಿಯ ಮುಖಂಡರು ದ್ವೀಪಗಳನ್ನು ಬ್ರಿಟನ್ನಿಗೆ ಒಪ್ಪಿಸಿದ್ದು ಇಲ್ಲಿಯೇ, ವಸಾಹತಿನ ಮೊದಲ ರಾಜಧಾನಿಯೂ ಇದೇ. ಕಡಿದಾದ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಪಟ್ಟಣಕ್ಕೆ ಬೆಳೆಯಲು ಜಾಗವಿಲ್ಲದೆ 1882ರಲ್ಲಿ ರಾಜಧಾನಿ ಸುವಾಕ್ಕೆ ಹೋಯಿತು. ಹಳೆಯ ಬೀದಿ ಉಳಿದದ್ದು, ಒಂದರ್ಥದಲ್ಲಿ, ಆ ಇಕ್ಕಟ್ಟಿನ ಪುಣ್ಯದಿಂದಲೇ. ಕಡಲಂಚಿನ ಬೀಚ್ ಸ್ಟ್ರೀಟ್‌ನಲ್ಲಿ ಹಲಗೆ ಗೋಡೆಯ, ತಗಡು ಮಾಡಿನ ಅಂಗಡಿಗಳು ಇಂದಿಗೂ ಸಾಲಾಗಿ ನಿಂತಿವೆ. ಆದರೆ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ, ತೇವಕ್ಕೆ ಹಲಗೆ ಕೊಳೆಯುತ್ತದೆ. ಸಾಲದ್ದಕ್ಕೆ 2016ರ ವಿನ್‌ಸ್ಟನ್‌ನಂತಹ ಚಂಡಮಾರುತಗಳು. ಕೆಟ್ಟ ಹಲಗೆಯನ್ನಷ್ಟೇ ಬದಲಿಸಬಲ್ಲ ಬಡಗಿಗಳೂ ಮಾಲೀಕರಿಗೆ ದುರಸ್ತಿಯ ನೆರವೂ ಇಲ್ಲದಿದ್ದರೆ, ಹಳೆಯ ಕಟ್ಟಡ ಕೆಡವಬಾರದೆಂಬ ಬರಿಯ ನಿಷೇಧಗಳಿಂದ ಈ ಬೀದಿ ಉಳಿಯಲಾರದು ಎಂಬುದು ನಮ್ಮ ಅಭಿಪ್ರಾಯ.